ಚತುರ್ಥಿ ವಿಭಕ್ತಿ

ಮೂರು ತಿಂಗಳಿಗೊಮ್ಮೆ ವಿರಾಜಪೇಟೆ ಶಾಖೆಗೆ ಬರುತ್ತದೆ
ನಮ್ಮ ವೃತ್ತಿಯ ಪತ್ರಿಕೆ, ಸುರುಳಿ ಸುತ್ತಿಕೊಂಡು,
ಅಂಚೆಯವನ ಕೊಡೆಯ ನೀರು ಕುಡಿದು.
ಈ ಸಲ ವಿಶೇಷಾಂಕ. ನಮ್ಮದೇ ವಿಷಯ.
ಮುಖಪುಟದಲ್ಲಿ ಗಾಲಿಕುರ್ಚಿ, ತಳ್ಳುವ ಕೈ,
ಕೈಗಳ ಮೇಲೊಂದು ನಗು.
ಕೂತವರ ಬೆನ್ನಷ್ಟೇ ಕಾಣುತ್ತದೆ.

ಓದುತ್ತಾ ಹೋದೆ, ಪೆನ್ಸಿಲ್ ಹಿಡಿದು.
ಅಂಗವಿಕಲರಿಗೆ ಸೇವೆ. ಅಂಧರಿಗೆ ಸೌಲಭ್ಯ.
ಇಂಥವರಿಗೆ ತಾಳ್ಮೆ, ಅಂಥವರಿಗೆ ಇಳಿಜಾರು ದಾರಿ,
ಎಲ್ಲರಿಗೂ ದಂಡದಿಂದ ವಿನಾಯಿತಿ,
ಆತ್ಮಸ್ಥೈರ್ಯ ತುಂಬುವ ಪುಸ್ತಕಗಳು.
ಅರವತ್ತನಾಲ್ಕು ಪುಟದಲ್ಲೂ ನಾವು ಚತುರ್ಥಿ ವಿಭಕ್ತಿ.
ಪ್ರಥಮೆಯಲ್ಲಿ ಒಬ್ಬರೂ ಇಲ್ಲ.
ಯಾರೂ ಬರಲಿಲ್ಲ, ಕೇಳಲಿಲ್ಲ, ಜಗಳವಾಡಲಿಲ್ಲ,
ಪುಸ್ತಕ ಕಳೆದು ಸುಳ್ಳು ಹೇಳಲಿಲ್ಲ.
ಕೌಂಟರಿನ ಈಚೆಗೆ, ಈ ಬೆತ್ತದ ಕುರ್ಚಿಯಲ್ಲಿ,
ಎಡಗಾಲಿಗೆ ಕ್ಯಾಲಿಪರ್ ತೊಟ್ಟವನೊಬ್ಬ
ಸಂಬಳಕ್ಕೆ ಕೂತಿರಬಹುದೆಂದು
ಅಡಿಟಿಪ್ಪಣಿಗೂ ಹೊಳೆದಿಲ್ಲ.

ಹಳೆ ಸಂಚಿಕೆ ತೆಗೆದೆ. ಇಪ್ಪತ್ತು ವರ್ಷದ ಧೂಳು.
ಮೊದಲು ಅಂಗವಿಕಲ, ಆಮೇಲೆ ವಿಕಲಚೇತನ, ಈಗ ವಿಶೇಷಚೇತನ;
ಚೀಟಿಯ ಮೇಲೆ ಚೀಟಿ ಅಂಟಿಸಿದ್ದಾರೆ,
ಗೋಂದು ಅದೇ.
ಸೊರಗಿದ್ದು ಕಾಲು ಸ್ವಾಮಿ, ಚೇತನ ಅಲ್ಲ.
ಕಪಾಟಿನಲ್ಲೂ ನಮ್ಮ ನಂಬರು ಮುನ್ನೂರ ಅರವತ್ತೆರಡು ಬಿಂದು ನಾಲ್ಕು:
ಬಡತನದ ಪಕ್ಕ, ಜೈಲಿಗೆ ಮೂರೇ ಮನೆ ಈಚೆ.

ಹನ್ನೊಂದಕ್ಕೆ ಬೊಳ್ಳಮ್ಮ ಮೆಟ್ಟಿಲೇರಿ ಬಂದರು.
ಒಂಬತ್ತು ಮೆಟ್ಟಿಲು; ಎಣಿಸುವುದಿಲ್ಲ, ಬಯ್ಯುತ್ತಾರೆ.
ಹಳೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ
ಅಮ್ಮತ್ತಿ, ಪಾಲಿಬೆಟ್ಟ, ಸಿದ್ದಾಪುರದ ತೋಟಗಳ
ಮದುವೆ, ಸಾವು, ಕರಿಮೆಣಸಿನ ದರ
ಎಲ್ಲವೂ ಅವರ ಬೆರಳು ದಾಟಿಯೇ ಹೋದದ್ದು.
ಕಣ್ಣು ಹುಟ್ಟಿನಿಂದಲೇ ಇಲ್ಲ. ಕಿವಿಗೆ ಊರೇ ಹೆದರುತ್ತದೆ.

ನಾನು ಎದ್ದ ಸದ್ದಿಗೇ,
"ಮಂಡಿಯ ಹತ್ತಿರ ಸ್ಕ್ರೂ ಸಡಿಲಾಗಿದೆ, ಎಣ್ಣೆ ಬಿಡು" ಅಂದರು.
ಕೊಲೆಯ ಕಾದಂಬರಿ ಮೇಜಿನ ಮೇಲಿಟ್ಟರು.
ಓದಿ ಹೇಳುವ ತಂಗಿಯ ಮಗಳು
ಕೊನೆಯ ಅಧ್ಯಾಯಕ್ಕೆ ಹೆದರಿ ಹತ್ತು ದಿನ ತಡ.
"ನಿಮಗೆ ದಂಡ ಇಲ್ಲ" ಅಂದುಬಿಟ್ಟೆ,
ಪುಟ ಮೂವತ್ತೊಂದು ತಲೆಯಲ್ಲಿತ್ತು.

"ಎಂತಕ್ಕೆ?"

ಪುಟ ಮೂವತ್ತೊಂದರಲ್ಲಿ ಅದಕ್ಕೆ ಉತ್ತರವಿರಲಿಲ್ಲ.
ಅಂಚು ತಡವಿ ತಡವಿ ನಾಣ್ಯ ಜೋಡಿಸಿದರು, ಹತ್ತು ರೂಪಾಯಿ.
"ಕೊಂದವನು ಡಾಕ್ಟರು. ಮೂರನೇ ಅಧ್ಯಾಯದಲ್ಲೇ ಗೊತ್ತಾಯಿತು.
ಇದಕ್ಕಿಂತ ಕೆಟ್ಟವರಿರುವ ಪುಸ್ತಕ ಇದ್ದರೆ ಕೊಡು."

ರಸೀತಿ ಹರಿದು ಕೊಟ್ಟೆ.

ಸಂಜೆ, ಬಾಗಿಲು ಹಾಕುವ ಮುಂಚೆ, ಕಾಗದ ಬರೆಯಲು ಕೂತೆ.
ಮಾನ್ಯ ಸಂಪಾದಕರಿಗೆ,
ಎಂದು ಬರೆದವನಿಗೆ ನಗು ಬಂತು:
ಈಗ ಅವರೂ ಚತುರ್ಥಿ.
ಮುಂದಿನ ಸಾಲು: ಬೊಳ್ಳಮ್ಮ ದಂಡ ಕಟ್ಟಿದರು.
ಅದರ ಮುಂದೆ ಏನೂ ಹೊಳೆಯಲಿಲ್ಲ.
ಎಣ್ಣೆಯ ಡಬ್ಬಿ ಹುಡುಕಲು ಎದ್ದೆ.
ಸ್ಕ್ರೂ ನಿಜಕ್ಕೂ ಸಡಿಲಾಗಿತ್ತು.