ಪಿಗ್ಮಿ ಕಾರ್ಡು

ಮೂರು ಬಣ್ಣದ ಬಾಣಗಳನ್ನು ಗೋಡೆಯ ಮೇಲೆ ಬಿಟ್ಟು
ಮೃಣ್ಮಯಿ ಗದ್ರೆ ಕೇಳಿದಳು: ಯಾವುದು, ಸರ್?

ಒಂದು: ಮುಂದಿನ ಒಂದನೇ ತಾರೀಖು, ಬೆಳಗ್ಗೆ ಎಂಟಕ್ಕೆ
ಎಲ್ಲರ ಕೈಗೂ ಯಂತ್ರ, ಕಾರ್ಡೆಲ್ಲ ಗೋಣಿಗೆ.
ಇನ್ನೊಂದು: ಅಸಲ್ಫಾ ಮೊದಲು, ಆಮೇಲೆ ಸಾಕಿನಾಕಾ,
ಹೀಗೆ ಗಲ್ಲಿ ಗಲ್ಲಿ.
ಮೂರನೆಯದರ ಹೆಸರು ಉದ್ದ. ಮನ ಒಲಿಸುವುದು ಅಂತಿರಬೇಕು;
ಅದಕ್ಕೆ ಊಟದ ಖರ್ಚು ಬೇರೆ.

ನಮ್ಮದು ಘಾಟ್ಕೋಪರಿನ ಸೊಸೈಟಿ. ಹೋಟೆಲ್ ಮಾಣಿಗಳು ಕಟ್ಟಿದ್ದು,
ಟಿಪ್ಸಿನ ಚಿಲ್ಲರೆಯಲ್ಲಿ.
ಬದಲಾವಣೆ ಅಂದರೆ ಇಲ್ಲಿ ಇದುವರೆಗೆ
ಒಂದು ಫ್ಯಾನು, ಆಮೇಲೆ ಇನ್ನೊಂದು ಫ್ಯಾನು.

ನಿರ್ದೇಶಕರು ಏಳೂ ಮಂದಿ ಒಂದನೆಯದಕ್ಕೇ ಕೈ ಎತ್ತಿದರು,
ಇನ್ನೊಂದು ಕೈಯ ಗಡಿಯಾರ ನೋಡಿಕೊಂಡು.
ಐತಪ್ಪ ಸುವರ್ಣ ಬಾಗಿಲ ಬಳಿ ನಿಂತಿದ್ದ,
ಹೆಗಲಲ್ಲಿ ಇಪ್ಪತ್ತಾರು ವರ್ಷದ ರೆಕ್ಸಿನ್ ಚೀಲ.
"ನಂದೇನಿಲ್ಲ," ಅಂದ.
ಏನೂ ಇಲ್ಲದವನು ಅಷ್ಟು ಹೊತ್ತು ನಿಲ್ಲುವುದಿಲ್ಲ.

ಮಂಗಳವಾರ ಅವನ ಹಿಂದೆ ಗುಡ್ಡ ಹತ್ತಿದೆ.
ಕೀಲಿ ಮಾಡುವವನು ಐವತ್ತು, ಇಸ್ತ್ರಿಯವನು ನೂರು,
ಕೊತ್ತಂಬರಿಯವಳು ಇವತ್ತು ಬೇಡ, ನಾಳೆ ಎರಡು ದಿನದ್ದೂ ಒಟ್ಟಿಗೆ.
ಐತಪ್ಪ ಆ ನಾಳೆಯನ್ನೂ ಪೆನ್ಸಿಲಿನಲ್ಲಿ ಬರೆದುಕೊಂಡ.
ಯಂತ್ರದಲ್ಲಿ ಅದಕ್ಕೊಂದು ಗುಂಡಿ ಇದೆಯೇ?
ನಾಲ್ಕು ವರ್ಷದಿಂದ ಮ್ಯಾನೇಜರು ನಾನು,
ಅಂಥದೊಂದು ಬೇಕೆಂದೇ ಗೊತ್ತಿರಲಿಲ್ಲ.

ಮೇಲಿನ ತಿರುವಿನಲ್ಲಿ ಇಂದುತಾಯಿಯ ವಡೆ ಗಾಡಿ.
ಮಾದರಿ ಯಂತ್ರ ತೆಗೆದೆ; ಕಿರ್ರೆಂದು ಚೀಟಿ ಬಂತು.
ಅವಳು ಓದಿದಳು, ಮಡಚಿದಳು, ಕಾರ್ಡು ಇಡುವ ಜಾಗದಲ್ಲೇ
ಬಾಣಲೆಯ ಮೇಲಿನ ಸಂದಿಗೆ ಸಿಕ್ಕಿಸಿದಳು.
ಎರಡು ಒಬ್ಬೆ ವಡೆ ಇಳಿಯುವಷ್ಟರಲ್ಲಿ
ಚೀಟಿ ಪೂರ್ತಿ ಕಪ್ಪು.
"ಭಾವು, ನನ್ನ ನೂರು ರೂಪಾಯಿ ಸೀದು ಹೋಯಿತಲ್ಲ!"

ಐತಪ್ಪ ನಗಲಿಲ್ಲ. ಅದಕ್ಕೇ ನನಗೆ ನಾಚಿಕೆಯಾಯಿತು.
ಹಳೆಯ ಕಾರ್ಡು ತೆಗೆದು, ಎಣ್ಣೆಬೆರಳಿನ ಗುರುತಿನ ಪಕ್ಕ
ನೂರು ಬರೆದು ಸಹಿ ಹಾಕಿದ.
ಆಮೇಲೆ ಯಂತ್ರವನ್ನು ನನ್ನ ಕೈಯಿಂದ ತೆಗೆದುಕೊಂಡು
ಹಿಂದೆ ಮುಂದೆ ತಿರುಗಿಸಿದ:
"ಇದಕ್ಕೊಂದು ರಬ್ಬರ್ ಬ್ಯಾಂಡು ಹಾಕಿದರೆ
ಬೆನ್ನಿಗೆ ಕಾರ್ಡೂ ನಿಲ್ಲುತ್ತದೆ."

ಮತ್ತೆ ಸಭೆ. ಮಿನಿಟ್ಸ್ ಪುಸ್ತಕದಲ್ಲಿ ನಾನು ಬರೆದದ್ದು ಇಷ್ಟು:
ಎರಡನೆಯ ಬಾಣ. ಕಾರ್ಡು ಇರತಕ್ಕದ್ದು.
ಆರಂಭ, ಇಂದುತಾಯಿಯ ಗಾಡಿ. ಕಲಿಸುವವರು, ಶ್ರೀ ಐತಪ್ಪ.
ರಬ್ಬರ್ ಬ್ಯಾಂಡು ಒಂದು ಡಬ್ಬಿ, ಮೂವತ್ತೈದು ರೂಪಾಯಿ.

ನಿರ್ದೇಶಕರು ತಕರಾರು ಎತ್ತಿದ್ದು
ಆ ಮೂವತ್ತೈದಕ್ಕೆ.