ಕೋಡಿ

ಒನಕೆ ಕಿಂಡಿಯೊಂದು ತೋರಸ್ರಿ ಸಾಕು, ಅಂದರು ಮೇಷ್ಟ್ರು,
ಒಂದೂವರೆ ತಾಸು. ಸಂಜೀಕ ಹಂಪಿ ಮುಟ್ಟಬೇಕು.
ಅಥಣಿ ಕಡೆಯ ಬಸ್ಸು. ಐವತ್ತೆರಡು ಮಕ್ಕಳು.
ಟಾಪಿನ ಮೇಲೆ ಅಕ್ಕಿ ಮೂಟೆ, ಒಲೆ, ಸಿಲಿಂಡರು,
ಕುಡಿಯುವ ನೀರಿನ ಕ್ಯಾನೂ ಅಲ್ಲಿಂದಲೇ.
ನಮ್ಮೂರಿನದು ಅಂತ ಅವರಿಗೆ ಬೇಕಾದದ್ದು
ಕಲ್ಲು, ಮತ್ತೆ ಗಾಳಿ.

ನಾನು ಪಾಲಯ್ಯ. ಇಪ್ಪತ್ತೆರಡು ವರ್ಷದಿಂದ
ಇದೇ ಬಾಗಿಲು, ಇದೇ ಚಪ್ಪಾಳೆ:
ಇಲ್ಲಿ ತಟ್ಟಿದರೆ ಅಲ್ಲಿ ಕೇಳುತ್ತೆ ನೋಡಿ.
ಮಾತು ಬಾಯಲ್ಲೇ ಸವೆದು ನುಣುಪಾಗಿದೆ
ಮೆಟ್ಟಿಲಿನ ಹಾಗೆ.
ಶತ್ರು ಕಿಂಡಿಯಲ್ಲಿ ತಲೆ ತೂರಿಸುವ ಹೊತ್ತಿಗೆ
ನಾನು ಮನಸ್ಸಿನಲ್ಲೇ ಹಾಲಿನವನ ಬಾಕಿ ಕೂಡಿಸಿರುತ್ತೇನೆ.

ಬಂದವರು ಹೋದ ಮೇಲೆ ಏನುಳಿಯುತ್ತದೆ, ನನ್ನ ಕೇಳಿ:
ಬಾಟಲಿ, ಕುರುಕಲಿನ ಚೀಲ,
ಯಾವುದೋ ಮಗುವಿನ ಎಡಗಾಲ ಚಪ್ಪಲಿ,
ಬಂಡೆಯ ಮೇಲೆ ಮೊಳೆಯಲ್ಲಿ ಕೆರೆದ ಒಂದು ಹೆಸರು,
ಪಕ್ಕದಲ್ಲಿ ಇನ್ನೊಂದರ ಅರ್ಧ
(ಕಾವಲಿನವ ಸೀಟಿ ಊದಿರಬೇಕು).
ದುಡ್ಡು ಮಾತ್ರ ಹೈವೇ ಹೋಟೆಲಿನಲ್ಲಿ ಇಳಿದು
ಉಂಡು, ಕೈ ತೊಳೆದು
ಬೈಪಾಸಿನಲ್ಲೇ ಹೊರಟುಹೋಗುತ್ತದೆ.

ರಾತ್ರಿ ಮಳೆ ಬಿದ್ದಿತ್ತು. ಬಂಡೆಗಳ ಸಂದಿಯಲ್ಲಿ
ಇನ್ನೂ ಯಾರೋ ಪಿಸುಗುಟ್ಟುವ ಸದ್ದು.
ಕಿಂಡಿ ಮುಗಿಯಿತು. ಮೇಷ್ಟ್ರು ವಾಚು ನೋಡಿದರು.
ಅವತ್ತು ಯಾಕೋ, ಬಾಯಿಪಾಠ ಅಲ್ಲೇ ಬಿಟ್ಟು
ಹೊಂಡದ ಕಡೆ ನಡೆದೆ.
ಮಕ್ಕಳು ಹಿಂದೆ ಬಂದವು. ಮೇಷ್ಟ್ರೂ ಬಂದರು, ಬೈಯುತ್ತಾ.

ಇದನ್ನ ಕಟ್ಟಿದವರಿಗೆ ಒಂದು ಬುದ್ಧಿ ಇತ್ತು, ಅಂದೆ.
ಗೋಪಾಲಸ್ವಾಮಿ ಹೊಂಡ ತುಂಬಿದರೆ ಅಕ್ಕನಿಗೆ,
ಅಕ್ಕ ತುಂಬಿದರೆ ತಂಗಿಗೆ,
ತಂಗಿಯಿಂದ ಕೆಳಗೆ ಸಿಹಿನೀರಿಗೆ,
ಅಲ್ಲಿಂದ ಊರೊಳಗಿನ ಸಂತೆ ಹೊಂಡಕ್ಕೆ.
ಮೇಲಿನದು ಮೊದಲು ಕುಡಿಯಲಿ, ತಪ್ಪಿಲ್ಲ.
ಕೋಡಿ ಮುಚ್ಚಬಾರದು, ಅಷ್ಟೇ.

ಎರಡು ಜಡೆಯ ಒಬ್ಬಳು, ಕಸ್ತೂರಿ ಅಂತ,
ಬಗ್ಗಿ ನೀರು ನೋಡುತ್ತಿದ್ದವಳು ಹೇಳಿದಳು:
'ನಮ್ಮ ಕಡಿ ಹಿಂಗ ಬರೂದಿಲ್ರಿ ನೀರ.
ಹೊಳಿ ಒಮ್ಮಿಗೇ ಬರ್ತದ, ಊರಿಗೆ ಊರ ನೋಡಿ
ರಾಡಿ ಬಿಟ್ಟು ಹೋಗ್ತದ.'

ನಾನು ಸುಮ್ಮನಾದೆ.
ಇಪ್ಪತ್ತೆರಡು ವರ್ಷ ಹುಡುಕಿದ ಮಾತು
ಏಳನೇ ಕ್ಲಾಸಿನ ಬಾಯಲ್ಲಿತ್ತು.

ಕೆಳಗೆ ಬಂದರೆ ಅಡಿಗೆಯವ ತಲೆಗೆ ಕೈ ಹೊತ್ತು ಕೂತಿದ್ದ.
ಸಿಲಿಂಡರು ಖಾಲಿ, ಅನ್ನ ಅರೆಬೆಂದಿದೆ.
ಕಾಟಮ್ಮ ಸೀತಾಫಲದ ಬುಟ್ಟಿ ಪಕ್ಕಕ್ಕೆ ಸರಿಸಿ
ಎದ್ದಳು. ಮಂಡಕ್ಕಿ, ಇಪ್ಪತ್ತು.
ಮೇಷ್ಟ್ರ ಕೈ ಜೇಬಿನಲ್ಲೇ ನಿಂತಿತು;
ಅವರದೂ ಸರ್ಕಾರಿ ಶಾಲೆ, ಚೀಟಿ ಬರೆದಿಟ್ಟ ದುಡ್ಡು.
'ಮಕ್ಕಳಿಗೆ ಹದಿನೈದು. ಹದಿನಾಲ್ಕು ಅನ್ನಬೇಡಿ ಮತ್ತೆ.
ತಿಂದ ಕಾಗದ ನನ್ನ ಚೀಲಕ್ಕೇ ಬರಬೇಕು,
ಒಂದು ಕಮ್ಮಿಯಾದ್ರೂ ಬಸ್ಸು ಬಿಡಲ್ಲ.'

ಐವತ್ತೆರಡು ಕಾಗದ ಎಣಿಸಿದಳು, ನಿಜವಾಗಿ ಎಣಿಸಿದಳು.
ಏಳುನೂರ ಎಂಬತ್ತು ರೂಪಾಯಿ.
ಅದರಲ್ಲಿ ಈರುಳ್ಳಿಯ ನೂರ್ ಅಹಮದನಿಗೆ,
ಮಂಡಕ್ಕಿ ಭಟ್ಟಿಗೆ, ಹಸಿಮೆಣಸಿನ ಮುದುಕಿಗೆ,
ಉಳಿದದ್ದು ಸೊಂಟದ ಚೀಲಕ್ಕೆ.
ಖಾರಕ್ಕೆ ಮೂಗು ಒರೆಸಿಕೊಳ್ಳುತ್ತ ಕಸ್ತೂರಿ
ಇನ್ನೊಂದಿಷ್ಟು, ಅಂದಳು. ಕಾಟಮ್ಮ ಲೆಕ್ಕಕ್ಕೆ ಹಿಡಿಯಲಿಲ್ಲ.

ಹಂಪಿಗೆ ಕತ್ತಲಾಗತೈತಿ ಅಂತ
ಮೇಷ್ಟ್ರು ನನಗೆ ಸರಿಯಾಗಿಯೇ ಬೈದರು.
ಆದರೂ ಬಸ್ಸು ತಿರುಗುವಾಗ ಕಿಟಕಿಯಿಂದ,
'ಆ ಮೆಣಸಿನಕಾಯಿ ಎಲ್ಲೀದು ಕೇಳಿಡ್ರಿ,' ಅಂದರು.

ಮಾರನೇ ದಿನ ಇನ್ನೊಂದು ಬಸ್ಸು, ಎಸಿ, ಎತ್ತರದ್ದು.
ನಲವತ್ತು ನಿಮಿಷ, ಕಿಂಡಿ ತೋರಿಸಿ ಸಾಕು.
ಆಗಲಿ, ಅಂದೆ.
ಚಪ್ಪಾಳೆಗೆ ಎತ್ತಿದ ಕೈ ಒಂದು ಗಳಿಗೆ ಹಾಗೇ ಹಿಡಿದು
ಬಂಡೆಗಳ ಕಡೆ ಕಿವಿಗೊಟ್ಟೆ:
ಇನ್ನೂ ಹರಿಯುತ್ತಿತ್ತು,
ಸಣ್ಣಗೆ.