ಮೂರಕ್ಕೊಂದು

ಬಂದರಿನ ಕೊನೆಯ ಕಟ್ಟಡ, ಎರಡನೇ ಮಹಡಿ,
ಪೋರ್ಟ್‌ಲ್ಯಾಂಡ್, ಮೇನ್.
ಕೆಳಗೆ ಲಾಬ್‌ಸ್ಟರ್ ಬೇಯುವ ಹಬೆ.
ಮೇಲೆ ನಾನು, ಪೇರೋಲಿನ ಕ್ಲೋಡೆಟ್,
ಹತ್ತೊಂಬತ್ತು ವರ್ಷದಿಂದ ಇದೇ ಕುರ್ಚಿ.
ನನ್ನ ಕಾಗದಗಳಿಗೂ ಉಪ್ಪಿನ ವಾಸನೆ.

ಜೂನ್ ಮೂರು, ಮಂಗಳವಾರ, ಎಂಬುಯಿ ಕಲೊಂಜಿ ಬಂದಳು,
ಲಕೋಟೆಯ ಅಂಟು ಇನ್ನೂ ಬಿಡದ ಪರವಾನಗಿ ಕಾರ್ಡು ಹಿಡಿದು.
ಇಂಗ್ಲಿಷು ನಡುದಾರಿಯಲ್ಲಿ ಕುಂಟಿತು.
ಅಜ್ಜಿಯ ಫ್ರೆಂಚನ್ನು ಹೊರತೆಗೆದೆ:
ಕ್ವಿಬೆಕ್ಕಿನ ಹೊಲದ್ದು, ಗಿರಣಿಯ ಹತ್ತಿಧೂಳು ಮೆತ್ತಿದ್ದು,
ಜಪಕ್ಕೆ, ಬೈಗುಳಕ್ಕೆ, ಒಲೆಯ ಮುಂದಿನ ಮಾತಿಗೆ ಸಾಕಾಗುವಷ್ಟು.
ಅದರಲ್ಲಿ 'ನೀವು' ಇಲ್ಲ.
ಅವಳದ್ದು ಕಿನ್ಶಾಸಾದ ಶಾಲೆಯ ಇಸ್ತ್ರಿ ಹಾಕಿದ ಫ್ರೆಂಚು.
"ನೀವು ಮಾತಾಡಿದರೆ ಯಾರೋ ತೀರಿಕೊಂಡವರು
ಮಾತಾಡಿದ ಹಾಗಿದೆ" ಎಂದಳು, ಮರ್ಯಾದೆಯಿಂದಲೇ.

ಯಾವತ್ತು ಬಂದೆ?
ನವೆಂಬರ್ ಹನ್ನೊಂದು, ರಾತ್ರಿ. ಗಡಿ ದಾಟಿದಾಗ ಗಂಟೆಯೂ ಹನ್ನೊಂದು.
ಹಾಗಾದರೆ ಆ ಒಂದು ಗಂಟೆಯೇ ಇಡೀ ದಿನ,
ಕಾನೂನು ಅಷ್ಟರಮಟ್ಟಿಗೆ ಧಾರಾಳಿ.
ತೆರಿಗೆಯ ಕಣ್ಣಿಗೆ ನೀನು ಇಲ್ಲಿಯವಳಾಗಲು
ನೂರ ಎಂಬತ್ತಮೂರು ದಿನ ಬೇಕು.
ಈ ವರ್ಷದವು ಇಡಿಯಾಗಿ,
ಹೋದ ವರ್ಷದವು ಮೂರಕ್ಕೊಂದು,
ಅದರ ಹಿಂದಿನವು ಆರಕ್ಕೊಂದು.
ಅದಕ್ಕೂ ಹಿಂದೆ ನೀನು ಹುಟ್ಟಿಯೇ ಇಲ್ಲ.

ಬೀಗ ಹಾಕಿ ಕೂಡಿಸಿದ್ದ ದಿನಗಳು?
ಆರಿಜೋನಾದಲ್ಲಿ, ಇಪ್ಪತ್ತೆರಡು?
ಮೈ ಈ ನೆಲದಲ್ಲಿತ್ತಲ್ಲ, ಸೇರುತ್ತವೆ.
ಪನಾಮಾದ ಕಾಡಿನಲ್ಲಿ ನಡೆದ ಒಂಬತ್ತು?
ಅವು ಆಟಕ್ಕುಂಟು, ಲೆಕ್ಕಕ್ಕಿಲ್ಲ.
ಸಂತೆಯಲ್ಲಿ ತಕ್ಕಡಿಯ ಮುಳ್ಳು ನೋಡುವವಳ ಹಾಗೆ
ನನ್ನ ಬೆರಳನ್ನೇ ನೋಡುತ್ತಿದ್ದಳು.

ಐವತ್ತೊಂದು ದಿನ. ಮೂರರಿಂದ ಭಾಗಿಸಿದರೆ ಹದಿನೇಳು.
ಶೇಷವಿಲ್ಲ.
"ಹಾಗಾದರೆ ಮೂವತ್ತನಾಲ್ಕು ಎಲ್ಲಿ ಹೋದವು?"
ಚರ್ಚಿನ ನೆಲಮಾಳಿಗೆಯಲ್ಲಿ ಮಲಗಿದ್ದು,
ಮೊದಲ ಸಲ ಕೈಗವಸು ಕೊಂಡಿದ್ದು,
ಹಲ್ಲುನೋವಿಗೆ ಯಾರೋ ಲವಂಗ ಕೊಟ್ಟಿದ್ದು,
ಇವುಗಳಲ್ಲಿ ಯಾವುದು ಹದಿನೇಳರ ಒಳಗೆ, ಯಾವುದು ಹೊರಗೆ?
ಸೂಚನಾ ಪುಸ್ತಕ ತಿರುವಿದಂತೆ ಮಾಡಿದೆ.
ನನ್ನ ಅಜ್ಜಿ ರೈಲಿನಿಂದ ಇಳಿದ ದಿನ ಯಾರೂ ಏನೂ ಎಣಿಸಲಿಲ್ಲ.
ಮೇಸ್ತ್ರಿ ಕಿವಿಗೆ ಬಿದ್ದಂತೆ ಹೆಸರು ಬರೆದುಕೊಂಡ.
ಆ ತಪ್ಪಿನಲ್ಲೇ ನಾವೆಲ್ಲ ಹುಟ್ಟಿದೆವು.

ಇನ್ನು ಬೇಕಾದದ್ದು ನೂರ ಅರವತ್ತಾರು.
ಕ್ಯಾಲೆಂಡರಿನಲ್ಲಿ ಬೆರಳು ನಿಂತಿತು: ಜೂನ್ ಹದಿನೈದು, ಭಾನುವಾರ.
ಮೊದಲ ಸಂಬಳ ಶುಕ್ರವಾರ, ಹದಿಮೂರಕ್ಕೆ.

ಗೆರೆಯ ಕೆಳಗೆ ಮೂರಕ್ಷರ ಬರೆಸಿದೆ: ಎನ್, ಆರ್, ಎ.
ಅನಿವಾಸಿ ಅನ್ಯಳು.
ಆ ಮೂರಕ್ಷರಕ್ಕೊಂದು ಕೋಷ್ಟಕವಿದೆ.
ದುಡಿದ ಕೂಲಿಗೆ ದುಡಿಯದ ಒಂದು ಮೊತ್ತ ಕೂಡಿಸು,
ಕೂಡಿದ್ದಕ್ಕೆ ತೆರಿಗೆ ಎಣಿಸು, ಮುರಿದುಕೋ,
ಆಮೇಲೆ ಆ ಮೊತ್ತ
ಇರಲೇ ಇಲ್ಲವೆಂಬಂತೆ ಅಳಿಸಿಬಿಡು.
ಎಷ್ಟೋ ಜನರಿಗೆ ಇದನ್ನು ಮಾಡಿದ್ದೇನೆ.
ಜೋರಾಗಿ ಓದಿದ್ದು ಇದೇ ಮೊದಲು.

ಇಪ್ಪತ್ತರ ಶುಕ್ರವಾರ ಮತ್ತೆ ಮೆಟ್ಟಿಲು ಹತ್ತಿ ಬಂದಳು.
ಮೇಜಿನ ಮೇಲೆ ಎರಡು ಸಂಬಳದ ಚೀಟಿ, ಅಕ್ಕಪಕ್ಕ.
ಅದೇ ನಲವತ್ತು ಗಂಟೆ, ಅದೇ ಚಿಪ್ಪು,
ಅದೇ ಹೆಬ್ಬೆರಳಿಗೆ ಅದೇ ಪಟ್ಟಿ.
ಎರಡನೆಯದರಲ್ಲಿ ಮೂವತ್ತನಾಲ್ಕು ಡಾಲರು, ಮೇಲಷ್ಟು ಚಿಲ್ಲರೆ, ಹೆಚ್ಚು.
"ತಪ್ಪಾಗಿ ಬಂದಿದೆ, ತಗೊಳ್ಳಿ."
ತಪ್ಪಲ್ಲ, ಎಂದೆ. ಮೊದಲು ಮುರಿದದ್ದೂ
ಏಪ್ರಿಲಿನಲ್ಲಿ ಕೇಳಿದರೆ ವಾಪಸು ಬಂದೀತು.
"ಇವೆರಡರ ನಡುವೆ ನಾನೇನು ಮಾಡಿದೆ?"
ಏನೂ ಇಲ್ಲ. ಭಾನುವಾರ ಕಳೆಯಿತು.

ಸ್ವಲ್ಪ ಹೊತ್ತು ಯೋಚಿಸಿದಳು.
"ಭಾನುವಾರ ಬಟ್ಟೆ ಒಗೆದೆ" ಎಂದಳು,
"ಇಡೀ ದಿನ ಬಿಸಿಲಿತ್ತು."

ಅವಳು ಇಳಿದುಹೋದ ಮೇಲೆ ಮೂರಕ್ಷರ ಹೊಡೆದು ಹಾಕಿ
ಪಕ್ಕದಲ್ಲಿ ತಾರೀಕು ಬರೆದೆ.
ತಾರೀಕಿನ ಪಕ್ಕ, ಪೆನ್ಸಿಲಿನಲ್ಲಿ,
ತಪಾಸಣೆಗೆ ಬಂದವರು ಕೇಳಿದರೆ ಕೇಳಲಿ:
ಬಟ್ಟೆ ಒಗೆದಳು. ಬಿಸಿಲಿತ್ತು.